ಚೋರನೂರಿನಲ್ಲಿ ಒಂದು ತಣ್ಣನೆಯ ಊಟ

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಸಂಡೂರಿನ ಬಸ್ಸಿಗೆ ಕಾಯುತ್ತ ನಿಂತಾಗ ನನ್ನ ಕೈಚೀಲದಲ್ಲಿ ಇದ್ದದ್ದು ಒಂದು ಪೊಟ್ಟಣ ಪಾಸ್ತಾ, ಒಂದು ಪುಟ್ಟ ಬಾಟಲಿ ಆಲಿವ್ ಎಣ್ಣೆ ಮತ್ತು ಅಕ್ಕನಿಗೆಂದು ಕಟ್ಟಿಸಿಕೊಂಡ ಮೈಸೂರುಪಾಕು. ಮೊದಲೆರಡು ನನ್ನ ಆಯ್ಕೆಯಲ್ಲ. ಹಿಂದಿನ ರಾತ್ರಿ ಅಳಿಯ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದ: “ಮಾಮಾ, ಬರೋವಾಗ ಪಾಸ್ತಾ ತಗೊಂಡು ಬರ್ರಿ. ಸ್ಪ್ರಿಂಗಿನಂಗ ಸುತ್ತಿರ್ತೈತಲ್ಲ, ಅದು. ಉದ್ದಂದು ಬ್ಯಾಡ. ಈ ಸಲ ಅವ್ವಗ ತಿನಿಸೇ ಬಿಡೋಣು.”

ಇದೇನು ಅಂಥ ದೊಡ್ಡ ಸಂಗತಿ ಎಂದು ನೀವು ಕೇಳಬಹುದು. ಸಂಗತಿ ಇದೆ. ಈ ಅಳಿಯ ಹಂಪಿಯ ಆಚೆ ದಡದ ಹೋಟೆಲೊಂದರ ಒಲೆಯ ಮುಂದೆ ಹನ್ನೊಂದು ವರ್ಷ ನಿಂತವನು. ಪರದೇಶದವರಿಗೆ ಪಾಸ್ತಾ, ಹಮ್ಮಸ್, ಫಲಾಫೆಲ್ ಮಾಡಿಕೊಟ್ಟು ಸಂಪಾದಿಸಿದ. ಆ ದುಡ್ಡಿನಲ್ಲೇ ಚೋರನೂರಿನ ಮನೆಗೆ ಸಿಮೆಂಟಿನ ಮಾಳಿಗೆ ಬಂತು, ತಂಗಿಯ ಮದುವೆಯೂ ಆಯಿತು. ಆ ಅಡಿಗೆಯ ದುಡ್ಡು ಮನೆಗೆ ಬಂತೇ ವಿನಾ ಆ ಅಡಿಗೆ ಮಾತ್ರ ಒಂದು ದಿನವೂ ಹೊಸ್ತಿಲು ದಾಟಿರಲಿಲ್ಲ. ಅಕ್ಕ ಅದನ್ನು ಬಾಯಿಗಿಟ್ಟವಳಲ್ಲ. ಅವನೂ ಒತ್ತಾಯ ಮಾಡಿದವನಲ್ಲ.

ಹೊಸಪೇಟೆಯಿಂದ ಸಂಡೂರಿನ ದಾರಿ ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಊರು ಮುಗಿಯುತ್ತಿದ್ದಂತೆ ಗುಡ್ಡಗಳು ಎರಡೂ ಕಡೆ ಒತ್ತಿಕೊಂಡು ಬರುತ್ತವೆ. ಅದಿರಿನ ಲಾರಿಗಳ ಹಿಂದೆ ಬಸ್ಸು ಸಿಕ್ಕಿಕೊಂಡರೆ ಕಿಟಕಿ ಮುಚ್ಚಿದರೂ ಅಂಗಿಯ ಕಾಲರು ಕೆಂಪಾಗುತ್ತದೆ. 1949ರವರೆಗೆ ಘೋರ್ಪಡೆಯವರ ಪುಟ್ಟ ಸಂಸ್ಥಾನವಾಗಿದ್ದ ಈ ಊರು ಮಳೆಗಾಲದಲ್ಲಿ ಇಷ್ಟು ಹಸಿರಾಗುತ್ತದೆ ಎಂದರೆ ಬಳ್ಳಾರಿಯ ಬಿಸಿಲು ಬಲ್ಲವರು ನಂಬುವುದಿಲ್ಲ. ನಾನು ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ಹಸಿರು ಆಗಲೇ ಬಣ್ಣ ಬದಲಿಸಿತ್ತು. ಸಂಡೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರೆ ಗುಡ್ಡಗಳು ಹಿಂದೆ ಸರಿದು ಬಯಲು ತೆರೆದುಕೊಳ್ಳುತ್ತದೆ. ಹೋಬಳಿಯ ಊರಾದ ಚೋರನೂರು ಇರುವುದು ಆ ಕಡೆ. ಹೆಸರು ಕೇಳಿದವರೆಲ್ಲ ಒಂದೇ ಹಾಸ್ಯ ಮಾಡುತ್ತಾರೆ. ಊರಿನವರು ಅದನ್ನು ಎಷ್ಟು ಸಲ ಕೇಳಿದ್ದಾರೆಂದರೆ, ನಗುವ ಶ್ರಮವನ್ನೂ ಈಗ ತೆಗೆದುಕೊಳ್ಳುವುದಿಲ್ಲ.

ಪಾಸ್ತಾ ಸಲಾಡ್ ನಾನು ಮೊದಲು ತಿಂದದ್ದು ಅಳಿಯನ ಕೈಯಲ್ಲೇ, 2014ರಲ್ಲಿ, ವಿರೂಪಾಪುರ ಗಡ್ಡೆಯಲ್ಲಿ. ವಿರೂಪಾಕ್ಷನ ಗುಡಿಯ ಪಕ್ಕದ ಘಟ್ಟದಿಂದ ದೋಣಿ ಹತ್ತಿ ತುಂಗಭದ್ರೆ ದಾಟಿದರೆ ಆಚೆ ದಡ. ಈಚೆಗೆ ಗುಡಿ, ಗಂಟೆ, ಇಡ್ಲಿ ಚಟ್ನಿ. ಆಚೆಗೆ ಭತ್ತದ ಗದ್ದೆಯ ಅಂಚಿನಲ್ಲಿ ಹುಲ್ಲು ಹೊದಿಸಿದ ಚಪ್ಪರಗಳು, ನೆಲಕ್ಕೇ ಹಾಸಿದ ಗಾದಿ, ಮೊಣಕಾಲೆತ್ತರದ ಮೇಜು, ಹೀಬ್ರೂ ಅಕ್ಷರದ ಬೋರ್ಡು. ಸೈನ್ಯದ ಕಡ್ಡಾಯ ಸೇವೆ ಮುಗಿಸಿ ದೇಶ ಸುತ್ತಲು ಹೊರಟ ಇಸ್ರೇಲಿನ ಹುಡುಗ ಹುಡುಗಿಯರು ಅಲ್ಲಿ ವಾರಗಟ್ಟಲೆ ಇರುತ್ತಿದ್ದರು. ಯುರೋಪಿನವರೂ ಇದ್ದರು. ಅಡಿಗೆ ಮನೆಯೊಳಗೆ ಹಣಕಿ ಹಾಕಿದರೆ ಮಾತ್ರ ಎಲ್ಲ ನಮ್ಮ ಕಡೆಯ ಹುಡುಗರೇ, ಗಂಗಾವತಿ, ಕಂಪ್ಲಿ, ಸಂಡೂರು ಕಡೆಯವರು. ಅವರಿಗೆ ಪಾಠ ಹೇಳಿದ್ದು ಯಾವ ಅಡಿಗೆ ಶಾಲೆಯೂ ಅಲ್ಲ, ಬೆನ್ನಿಗೆ ಚೀಲ ಹೊತ್ತು ಬಂದ ಗಿರಾಕಿಗಳು. ‘ನಮ್ಮ ಅಮ್ಮ ಹೀಗೆ ಮಾಡುತ್ತಾಳೆ’ ಎಂದು ಒಳಗೆ ಬಂದು ಸೌಟು ಹಿಡಿದು ತೋರಿಸಿ ಹೋಗುತ್ತಿದ್ದರಂತೆ. ಹೀಗೆ ಎಲ್ಲಿಯೋ ಇರುವ ನೂರಾರು ಅಮ್ಮಂದಿರ ಕೈರುಚಿ ಈ ಹುಡುಗರ ಕೈಯಲ್ಲಿ ಬಂದು ಕೂತಿತ್ತು. ಒಬ್ಬಳು ಇಟಲಿಯ ಮುದುಕಿ ಮೂರು ದಿನ ಒಲೆಯ ಪಕ್ಕ ನಿಂತು, ಪಾಸ್ತಾ ಮೆತ್ತಗಾದಾಗೆಲ್ಲ ಹಣೆ ಬಡಿದುಕೊಳ್ಳುತ್ತಿದ್ದಳು ಎಂದು ಅಳಿಯ ಈಗಲೂ ನೆನೆಸಿಕೊಳ್ಳುತ್ತಾನೆ.

ಆ ಚಪ್ಪರಗಳು ಈಗಿಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2002ರಲ್ಲಿ ಅದರ ರಕ್ಷಣೆಗೆಂದು ಪ್ರತ್ಯೇಕ ಕಾಯಿದೆ, ಪ್ರಾಧಿಕಾರ ಬಂದವು. 2011ರಲ್ಲಿ ಹಂಪಿ ಬಜಾರಿನ ಕಲ್ಲು ಮಂಟಪಗಳಲ್ಲಿದ್ದ ಮನೆ ಅಂಗಡಿಗಳು ಹೋದವು. ಗಡ್ಡೆಯ ವಿಷಯ ಹೈಕೋರ್ಟಿಗೆ ಹೋಗಿ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ, 2020ರ ಫೆಬ್ರುವರಿಯಲ್ಲಿ ತೀರ್ಪು ಕಟ್ಟಡಗಳ ವಿರುದ್ಧ ಬಂತು. ಮಾರ್ಚ್ ಮೊದಲ ವಾರ ಜೆಸಿಬಿಗಳು ಬಂದವು. ತಿಂಗಳು ಮುಗಿಯುವುದರೊಳಗೆ ಕೊರೊನಾದ ಲಾಕ್‌ಡೌನ್. ಪರಂಪರೆಯ ಜಾಗದಲ್ಲಿ ಸಿಕ್ಕಲ್ಲಿ ಕಟ್ಟುವುದು ತಪ್ಪು, ಇದರಲ್ಲಿ ನನಗೆ ಅನುಮಾನವಿಲ್ಲ. ಕಟ್ಟಿದವರಿಗೆ ತಾವು ಏನು ಮಾಡುತ್ತಿದ್ದೇವೆಂಬುದು ಗೊತ್ತಿತ್ತು. ಒಲೆಯ ಮುಂದೆ ನಿಂತ ಹುಡುಗರ ಲೆಕ್ಕ ಮಾತ್ರ ಯಾವ ಕಡತದಲ್ಲಿಯೂ ಸರಿಯಾಗಿ ಬಂದಂತೆ ಕಾಣೆ. ಅಳಿಯ ಎರಡು ಬಾಣಲೆ, ಒಂದು ಒಳ್ಳೆಯ ಚಾಕು ಹಿಡಿದುಕೊಂಡು ಊರಿಗೆ ಬಂದ. ಅಂದಿನಿಂದ ಹೊಲ, ಹಂಗಾಮಿಗೊಮ್ಮೆ ಯಾರದೋ ಟ್ರ್ಯಾಕ್ಟರು. ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ನಾಗಂದಿಗೆಯ ಮೇಲೆ ಇಟ್ಟಿದ್ದ.

ನಾನು ತಲುಪಿದಾಗ ಮಧ್ಯಾಹ್ನ. ಅಕ್ಕ ಮೈಸೂರುಪಾಕು ಪಕ್ಕಕ್ಕಿಟ್ಟು ಆಲಿವ್ ಎಣ್ಣೆಯ ಬಾಟಲಿ ತಿರುಗಿಸಿ ನೋಡಿದಳು. “ತಲಿಗೆ ಹಚ್ಚಿಕೊಳ್ಳೋದೇನೋ ತಮ್ಮಾ?” ಎಂದಳು. ನಗುವಂತಿಲ್ಲ. ನಮ್ಮಲ್ಲಿ ಬಹುಕಾಲ ಆಲಿವ್ ಎಣ್ಣೆ ಎಂದರೆ ಔಷಧದ ಅಂಗಡಿಯ ಪುಟ್ಟ ಡಬ್ಬಿ, ಎಳೆ ಮಕ್ಕಳ ಮೈಗೆ ತಿಕ್ಕುವುದು. ಅಡಿಗೆಗೆ ಎಂದಾಗ ಹುಬ್ಬೇರಿಸಿದಳು. ಸಂಜೆ ಬೇಯಿಸಿ, ಆರಿಸಿ, ತಣ್ಣಗಾದ ಮೇಲೆ ತಿನ್ನುವುದು ಎಂದು ಮಗ ಹೇಳಿದಾಗ ಮಾತ್ರ ಸುಮ್ಮನಿರಲಿಲ್ಲ. “ಊರಿಂದ ತಮ್ಮ ಬಂದಾನ. ಅವಂಗ ತಂಗಳ ಹಾಕ್ತೀಯೇನು?”

ಅವಳ ತಕರಾರು ಇಷ್ಟೇ. ಪಾಸ್ತಾ ಪರದೇಶದ್ದು ಎಂಬ ತಕರಾರಲ್ಲ. ಬಂದವರಿಗೆ ಬಿಸಿ ಬಡಿಸಬೇಕು, ತಣ್ಣಗಾದದ್ದು ಮನೆಯವರಿಗೆ. ರೊಟ್ಟಿ ತಣ್ಣಗಿದ್ದರೆ ನಡೆದೀತು, ಕಡಕ್ ರೊಟ್ಟಿಯಂತೂ ತಿಂಗಳಾದರೂ ಸೈ. ಬೇಯಿಸಿದ ಗೋಧಿ ಆರಿದರೆ ಅದು ತಂಗಳೇ. ಇದರಲ್ಲಿ ತಿಳಿವಳಿಕೆಯೂ ಇದೆ. ನಮ್ಮ ಬಿಸಿಲಿನಲ್ಲಿ ಬೇಯಿಸಿದ ಪದಾರ್ಥ ಬೇಗ ಕೆಡುತ್ತದೆ. ಗಡ್ಡೆಯಲ್ಲಿ ಸಲಾಡಿನ ಬೋಗುಣಿಯನ್ನು ಫ್ರಿಜ್ಜಿನಿಂದ ತೆಗೆದ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡುತ್ತಿರಲಿಲ್ಲ ಎಂದು ಅಳಿಯ ವಾದಿಸಿದ. ಏಪ್ರಿಲ್, ಮೇನಲ್ಲಿ ಒಂದು ಗಂಟೆಯೂ ಇಲ್ಲವಂತೆ. ಅಕ್ಕ ಕೇಳಿಸಿಕೊಂಡಳು, ಒಪ್ಪಲಿಲ್ಲ. ಮೊರ ತೆಗೆದುಕೊಂಡು ಹಿತ್ತಲಿಗೆ ಹೋದಳು.

ಅಳಿಯ ಸಾಮಾನು ಹೊಂದಿಸುವುದನ್ನು ನೋಡುತ್ತ ಕೂತೆ. ನನ್ನ ಆಲಿವ್ ಎಣ್ಣೆಗೆ ಅವನೂ ಅಂಥ ಮರ್ಯಾದೆ ಕೊಡಲಿಲ್ಲ. ಕಡೆಗೆ ಒಂದು ಚಮಚ ಮೇಲೆ ಹಾಕೋಣ ಎಂದ. ಕಲಸಲು ತೆಗೆದುಕೊಂಡದ್ದು ಕುಸುಬಿ ಎಣ್ಣೆ. ಅದಕ್ಕೆ ಆಲಿವಿನ ಘಾಟಿಲ್ಲ, ಆದರೆ ಹಗುರ, ಹಸಿಯಾಗಿ ತಿಂದರೂ ಗಂಟಲಿಗೆ ಹತ್ತುವುದಿಲ್ಲ. ಬೇಸಿಲ್ ಎಂದು ದೊಡ್ಡ ಪಟ್ಟಣದಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮಾರುತ್ತಾರಲ್ಲ, ಅದು ನಮ್ಮ ಕಾಮಕಸ್ತೂರಿಯ ಕುಲದ್ದೇ, ಅದೇ ಸಸ್ಯದ ಇನ್ನೊಂದು ತಳಿ. ನಾವು ಬೀಜ ನೆನೆಸಿ ಪಾನಕಕ್ಕೆ ಹಾಕುತ್ತೇವೆ, ಎಲೆಯನ್ನು ಹೂಮಾಲೆಗೆ ಕಟ್ಟುತ್ತೇವೆ, ಇಟಲಿಯವರು ತಿನ್ನುತ್ತಾರೆ. ಒರೆಗಾನೊ ಬದಲಿಗೆ ಬಚ್ಚಲ ನೀರಿನಲ್ಲಿ ಬೆಳೆದ ದೊಡ್ಡಪತ್ರೆಯ ಮೂರು ಎಲೆ. ಎರಡು ಗಿಡಕ್ಕೂ ನಂಟಿನ ಪರಿಮಳವಿದೆ. ಆದರೆ ದೊಡ್ಡಪತ್ರೆ ಜೋರು, ಮೂರರ ಮೇಲೆ ನಾಲ್ಕನೆಯದು ಹಾಕಿದರೆ ನೆಗಡಿಯ ಕಷಾಯವಾಗುತ್ತದೆ. ಉಪ್ಪಿನ ಆಲಿವ್ ಕಾಯಿಯ ಜಾಗಕ್ಕೆ ಉಪ್ಪು ನೀರಿನಲ್ಲಿ ಹಾಕಿಟ್ಟ ಎಳೆ ಕವಳಿಕಾಯಿ. ಹಸಿ ಸೊಪ್ಪಿಗೆ ಹಕ್ಕರಕಿ. ಎರೆ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಈ ಕಹಿ ಸೊಪ್ಪನ್ನು ಜೋಳದ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವವರಿಗೆ ಸಲಾಡಿನ ಪಾಠ ಬೇಕಾಗಿಲ್ಲ. ಚೀಸ್ ಎಂದರೆ ಅಲ್ಲಿ ಗ್ರೀಸಿನ ಫೆಟಾ, ಕುರಿಯ ಹಾಲಿನದು. ಚೋರನೂರಿನಲ್ಲಿ ಕುರಿಗೆ ಬರವಿಲ್ಲ, ಚೀಸಿಗೆ ಇದೆ. ಗಡ್ಡೆಯ ಉಪಾಯವನ್ನೇ ಇಲ್ಲಿಯೂ ಮಾಡಿದ. ಹಾಲಿಗೆ ನಿಂಬೆ ಹಿಂಡಿ ಒಡೆಸಿ, ಕಟ್ಟಿ, ತುಂಡು ಮಾಡಿ ಹಿಂದಿನ ರಾತ್ರಿಯೇ ಉಪ್ಪು ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟಿದ್ದ.

ಟೊಮೆಟೊ ಎರಡು ಬಗೆ. ಒಂದು ಹಸಿಯದು. ಇನ್ನೊಂದು ಹೋಳು ಮಾಡಿ ಉಪ್ಪು ಸವರಿ ಮಾಳಿಗೆಯ ಮೇಲೆ ಒಣಗಿಸಿದ್ದು. ಬಾಳಕದ ಮೆಣಸಿನಕಾಯಿ ಒಣಗಿಸುವ ಊರಿಗೆ ಇದೇನು ಹೊಸದಲ್ಲ. ಮೆಡಿಟರೇನಿಯನ್ ರುಚಿ ಎಂದಾಗ ಮೊದಲು ಕಣ್ಣಿಗೆ ಬರುವ ಟೊಮೆಟೊ ಇಟಲಿಗೂ ಹೊರಗಿನದೇ, ನಮ್ಮಂತೆ ಅವರಿಗೂ ಅದು ಬಂದದ್ದು ಅಮೆರಿಕ ಖಂಡದಿಂದ. ಇರಲಿ.

ಇನ್ನು ಪಾಸ್ತಾ. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಅಳಿಯ ಪೊಟ್ಟಣ ಒಡೆದ. ನಾಲ್ಕು ಜನಕ್ಕೆ ಕಾಲು ಕಿಲೊ ಸಾಕು. ಅಷ್ಟಕ್ಕೆ ಎರಡೂವರೆ ಲೀಟರ್ ನೀರು, ಒಂದೂವರೆ ದೊಡ್ಡ ಚಮಚ ಉಪ್ಪು. ನೀರು ಮರಳುವಾಗ ಹಾಕಬೇಕು, ಒಮ್ಮೆ ಕಲಕಬೇಕು. ಬಿಸಿಯಾಗಿ ತಿನ್ನುವ ಪಾಸ್ತಾವನ್ನು ಹಲ್ಲಿಗೆ ತುಸು ಗಟ್ಟಿ ಸಿಗುವಾಗಲೇ ಇಳಿಸುತ್ತಾರೆ. ತಣ್ಣಗೆ ತಿನ್ನುವುದಾದರೆ ಇನ್ನೊಂದು ನಿಮಿಷ ಬಿಡಬೇಕು. ನಿನ್ನೆಯ ಅನ್ನ ಬಿರುಸಾಗುವಂತೆ ಪಾಸ್ತಾದ ಪಿಷ್ಟವೂ ಆರಿದಾಗ ಬಿಗಿಯುತ್ತದೆ. ಬಸಿದು, ತಣ್ಣೀರು ಒಮ್ಮೆ ಹರಿಸಿ, ಅಗಲ ತಾಟಿನಲ್ಲಿ ಹರವಿ, ಒಂದು ಚಮಚ ಎಣ್ಣೆ ಸವರಿದರೆ ಒಂದಕ್ಕೊಂದು ಅಂಟುವುದಿಲ್ಲ. ಇಷ್ಟೆಲ್ಲ ಅವನು ಹೇಳುತ್ತಿದ್ದಾಗ ಅಕ್ಕ ಹಿತ್ತಲಿಂದ ಬಂದು ಪೊಟ್ಟಣದ ತಳದಲ್ಲಿದ್ದ ನಾಲ್ಕು ಕಾಳು ಅಂಗೈಗೆ ಸುರುವಿಕೊಂಡಳು. ಉಗುರಿನಿಂದ ಒತ್ತಿದಳು. ಹಲ್ಲಿನಲ್ಲಿ ಕಡಿದಳು.

“ಇದು ರವಾದ್ದು,” ಎಂದಳು. “ಗವಲಿ ಇದ್ದಂಗ ಐತಿ.”

ಉತ್ತರ ಕರ್ನಾಟಕದ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಹೆಂಗಸರು ಸೇರಿ ಶಾವಿಗೆ ಹೊಸೆಯುತ್ತಿದ್ದ ಕಾಲ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಶಾವಿಗೆಯ ಜೊತೆಗೇ ಗವಲಿ, ಪರಡಿ, ಬಳವಟಿಗೆ. ರವೆಯನ್ನು ಗಟ್ಟಿಯಾಗಿ ನಾದಿ, ಜೀರಿಗೆಯಷ್ಟು ಹಿಟ್ಟು ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ತಿರುವಿ ಬಿಟ್ಟರೆ ಗವಲಿ. ನಮ್ಮವ್ವ ಹೊಸ ಹಣಿಗೆಯ ಹಲ್ಲಿನ ಮೇಲೆ ಹಿಟ್ಟು ಒತ್ತಿ ಉರುಳಿಸಿ ಗೆರೆ ಮೂಡಿಸುತ್ತಿದ್ದಳು. ಇಟಲಿಯ ಎಮಿಲಿಯಾ-ರೊಮಾನ್ಯ ಪ್ರಾಂತದಲ್ಲಿ ಗಾರ್ಗನೆಲ್ಲಿ ಎಂಬ ಪಾಸ್ತಾ ಮಾಡುವುದೂ ಹೀಗೆಯೇ, ಹಲ್ಲಿನ ಹಲಗೆಯ ಮೇಲೆ ಉರುಳಿಸಿ. ಕಾಳಿನಷ್ಟು ಪುಟ್ಟದಾದ ಇನ್ನೊಂದಕ್ಕೆ ಅವರು ಓರ್ಝೊ ಎನ್ನುತ್ತಾರೆ, ಹಾಗೆಂದರೆ ಬಾರ್ಲಿ. ಅದನ್ನು ಗವಲಿಯ ಪಕ್ಕ ಇಟ್ಟರೆ ಅಣ್ಣತಮ್ಮಂದಿರೆನ್ನಬೇಕು.

ಗೋಧಿಯ ನಂಟು ಇನ್ನೂ ಹಳೆಯದು. ಪಾಸ್ತಾಕ್ಕೆ ಬೇಕಾದ ಗಟ್ಟಿ ರವೆಯ ಡ್ಯೂರಂ ಗೋಧಿ ಧಾರವಾಡ, ವಿಜಯಪುರದ ಕಡೆ ಬೆಳೆಯುತ್ತದೆ. ಬಿಜಗ ಎಂಬ ಹಳದಿ ತಳಿಯ ಹೆಸರು ಅಲ್ಲಿಯ ರೈತರಿಗೆ ಗೊತ್ತು. ಅದಲ್ಲದೆ ನಮ್ಮ ಜವೆಗೋಧಿ. ಹುಗ್ಗಿಗೆ, ಶಾವಿಗೆಗೆ ಇದೇ ಆಗಬೇಕು ಎಂದು ಹಿರಿಯರು ಹಟ ಹಿಡಿಯುತ್ತಿದ್ದ ಆ ಕೆಂಪು ಗೋಧಿಯನ್ನು ಇಟಲಿಯಲ್ಲಿ ಫಾರ್ರೊ ಎಂದು ಕರೆದು ಬೇಸಿಗೆಯಲ್ಲಿ ಟೊಮೆಟೊ, ಎಣ್ಣೆ, ಸೊಪ್ಪು ಹಾಕಿ ತಣ್ಣಗೇ ತಿನ್ನುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಜವೆಗೋಧಿಯಲ್ಲೇ ಡಿಡಿಕೆ 1009, 1025, 1029 ಎಂಬ ಗಿಡ್ಡ ತಳಿಗಳನ್ನು ಬಿಡುಗಡೆ ಮಾಡಿ ಅದನ್ನು ಹೊಲದಲ್ಲಿ ಉಳಿಸಿದೆ. ವಿಚಿತ್ರವೆಂದರೆ, ಹಂಪೆಯ ಪೇಟೆಯಲ್ಲಿ ಒಂದು ಕಾಲಕ್ಕೆ ಗೋಧಿಗೆ ಇಷ್ಟು ಮರ್ಯಾದೆ ಇರಲಿಲ್ಲ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಅಲ್ಲಿ ಅಕ್ಕಿ, ಹುರುಳಿ, ಹೆಸರು ಹೇರಳ, ಗೋಧಿ ಮಾತ್ರ ಅಷ್ಟಿಲ್ಲ, ಮುಸಲ್ಮಾನರ ಹೊರತು ಬೇರೆಯವರು ಅದನ್ನು ತಿನ್ನುವುದಿಲ್ಲ ಎಂಬ ಅರ್ಥದಲ್ಲಿ ಬರೆದಿದ್ದಾನೆ. ದಾಳಿಂಬೆ, ನಿಂಬೆ, ದ್ರಾಕ್ಷಿ, ಬದನೆ ಸಿಗುತ್ತಿದ್ದುದನ್ನೂ ಬರೆದಿದ್ದಾನೆ. ಮೆಡಿಟರೇನಿಯನ್ ಅಡಿಗೆಗೆ ಅರ್ಧ ಸಾಮಾನು ಅಲ್ಲಿಯೇ ಇತ್ತಲ್ಲ ಎಂದು ನನಗೆ ನಗು ಬಂತು.

ನಾವು ಗವಲಿಯನ್ನು ಪಾಯಸಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಿದವರಲ್ಲ. ಹಾಲು, ಬೆಲ್ಲ, ಏಲಕ್ಕಿ, ಅಲ್ಲಿಗೆ ಮುಗಿಯಿತು. ಅದನ್ನು ಉಪ್ಪು, ಹುಳಿ, ಎಣ್ಣೆಯಲ್ಲಿ ಕಲಸಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಮದುವೆಯ ಬೀಗರಿಗೆ ಮಾಡುವ ಪದಾರ್ಥವನ್ನು ಹಾಗೆ ಮಾಡಲು ಧೈರ್ಯ ಬೇಕಿತ್ತು.

ಕತ್ತಲಾಗುವ ಹೊತ್ತಿಗೆ ನಾಗಂದಿಗೆಯಿಂದ ಚಾಕು ಇಳಿಯಿತು. ಸವತಿಕಾಯಿ ಎರಡು ಹೆಚ್ಚಿ ಉಪ್ಪು ಹಾಕಿ ಕಾಲು ಗಂಟೆ ಬಿಟ್ಟು ನೀರು ಹಿಂಡಿದ. ಇಲ್ಲದಿದ್ದರೆ ಸಲಾಡಿನ ತಳದಲ್ಲಿ ಕೆರೆ ನಿಲ್ಲುತ್ತದೆ. ಉಳ್ಳಾಗಡ್ಡಿಯನ್ನು ತೆಳ್ಳಗೆ ಸೀಳಿ ನಿಂಬೆ ರಸದಲ್ಲಿ ನೆನೆಸಿದ, ಖಾರ ಇಳಿಯಲಿ ಎಂದು. ನೆನೆದು ಬೆಂದ ಕಾಬೂಲಿ ಕಡಲೆ ಒಂದು ಹಿಡಿ. ಜಜ್ಜಿದ ಬೆಳ್ಳುಳ್ಳಿ ಎರಡೆಸಳು, ನಾಲ್ಕು ದೊಡ್ಡ ಚಮಚ ಕುಸುಬಿ ಎಣ್ಣೆ, ಎರಡು ನಿಂಬೆಯ ರಸ, ಮೆಣಸಿನ ಪುಡಿ, ಹೆಚ್ಚಿದ ದೊಡ್ಡಪತ್ರೆ ಇವನ್ನು ಬಾಟಲಿಯಲ್ಲಿ ಹಾಕಿ ಕುಲುಕಿದ. ಅರ್ಧವನ್ನು ಪಾಸ್ತಾ ಇನ್ನೂ ಬೆಚ್ಚಗಿರುವಾಗಲೇ ಹಾಕಿದ. ಆಗಲೇ ಅದು ಹೀರಿಕೊಳ್ಳುವುದು. ಉಳಿದರ್ಧ ಬಡಿಸುವ ಮುಂಚೆ. ಹಕ್ಕರಕಿ, ಕಾಮಕಸ್ತೂರಿ, ಉಪ್ಪಿನ ಪನೀರು ಎಲ್ಲಕ್ಕಿಂತ ಕಡೆಗೆ. ಮೊದಲೇ ಹಾಕಿದರೆ ಸೊಪ್ಪು ಬಾಡಿ ಕಪ್ಪಾಗುತ್ತದೆ. ಹನ್ನೊಂದು ವರ್ಷದ ಕೈ. ಆರು ವರ್ಷ ಸುಮ್ಮನಿದ್ದರೂ ಚಾಕು ಮಣೆಯ ಮೇಲೆ ಆಡಿದ ಸದ್ದಿನಲ್ಲಿ ಅದು ಗೊತ್ತಾಗುತ್ತಿತ್ತು. ಅಕ್ಕ ಬಾಗಿಲಿಗೆ ಒರಗಿ ನಿಂತು ಅದನ್ನೇ ನೋಡುತ್ತಿದ್ದಳು. ಮಗ ಅಡಿಗೆ ಮಾಡುವುದನ್ನು ಅವಳು ನೋಡಿದ್ದು ಅಂದೇ ಮೊದಲು.

ಅಷ್ಟರಲ್ಲಿ ಓಣಿಯ ಮೂರು ಹುಡುಗರು, ಪಕ್ಕದ ಮನೆಯ ಅಜ್ಜಿ, ಅವಳ ಮೊಮ್ಮಗಳು ಬಂದು ಕೂತರು. ಕಾಲು ಕಿಲೊ ಪಾಸ್ತಾ ಯಾರ ಮೂಗಿಗೆ? ಅಳಿಯ ತಲೆ ಕೆರೆದುಕೊಂಡ. ಪೊಟ್ಟಣ ಇದ್ದದ್ದು ಒಂದೇ. ಅಕ್ಕ ಏನೂ ಹೇಳದೆ ಒಳಕೋಣೆಗೆ ಹೋಗಿ, ಏಣಿ ಹಾಕಿ, ಒಂದು ತಗಡಿನ ಡಬ್ಬಿ ಇಳಿಸಿಕೊಂಡು ಬಂದಳು. ಹೋದ ಬೇಸಿಗೆಯ ಗವಲಿ. ಸೇರಿನಷ್ಟು ಅಳೆದು ಮಗನ ಮುಂದಿಟ್ಟಳು.

“ಇದನ್ನೂ ಕುದಸು. ಭಾಳ ಹೊತ್ತು ಬ್ಯಾಡ, ಮುದ್ದಿ ಆಗತೈತಿ.”

ಗವಲಿ ಬೇಗ ಬೇಯುತ್ತದೆ. ಅವಳೇ ಪಕ್ಕದಲ್ಲಿ ನಿಂತು ಒಂದು ಕಾಳು ಹಿಚುಕಿ ನೋಡಿ “ತಗಿ” ಎಂದಳು. ಇಟಲಿಯ ಆ ಮುದುಕಿ ಹಣೆ ಬಡಿದುಕೊಳ್ಳುವ ಪ್ರಸಂಗ ಬರಲಿಲ್ಲ. ನಿಜ ಹೇಳಬೇಕೆಂದರೆ ಅಂದು ಪಾಸ್ತಾದ ಸಲಾಡಿಗಿಂತ ಗವಲಿಯದೇ ರುಚಿ ಹೆಚ್ಚಾಗಿತ್ತು. ಪುಟ್ಟ ಕಾಳಾದ್ದರಿಂದ ಪ್ರತಿಯೊಂದಕ್ಕೂ ಎಣ್ಣೆ ನಿಂಬೆ ಹತ್ತಿತ್ತು. ನಡುನಡುವೆ ಕವಳಿಕಾಯಿ ಹುಳಿಯಾಗಿ ಸಿಕ್ಕಿ, ಹಕ್ಕರಕಿ ಕಹಿಯಾಗಿ ಹಿಂದೆ ಉಳಿಯುತ್ತಿತ್ತು. ಒಣ ಟೊಮೆಟೊಗೆ ಉಪ್ಪು ಒಂದು ತೂಕ ಹೆಚ್ಚಾಗಿತ್ತು, ಅದನ್ನು ನೀರಲ್ಲಿ ನೆನೆಸಬೇಕಿತ್ತು ಎಂದು ಅಳಿಯನೇ ಒಪ್ಪಿಕೊಂಡ. ನನ್ನ ಆಲಿವ್ ಎಣ್ಣೆಯ ಒಂದು ಚಮಚ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಪಕ್ಕದ ಮನೆಯ ಅಜ್ಜಿ ಎರಡು ತುತ್ತು ತಿಂದು “ಬೆಲ್ಲಾ ಹಾಕೋದು ಮರತೀರೇನು?” ಎಂದು ಕೇಳಿದಳು. ಹುಡುಗರು ಬೋಗುಣಿ ಕೆರೆದರು. ಅಕ್ಕ ಎಲ್ಲರಿಗೂ ಬಡಿಸಿ ಕಡೆಗೆ ಕೂತಳು. ಮೊದಲ ತುತ್ತನ್ನು ಬಹಳ ಹೊತ್ತು ಅಗಿದಳು. ಅಳಿಯ ಅವಳ ಮುಖ ನೋಡದೆ ಮಣೆ ಒರೆಸುತ್ತಿದ್ದ.

“ತಣ್ಣಗೈತಿ,” ಎಂದಳು. ಮತ್ತೆ ಇನ್ನೊಂದು ಸೌಟು ಹಾಕಿಸಿಕೊಂಡಳು.

ಅಂದು ಅವನು ಹಟ ಹಿಡಿದದ್ದು ಯಾಕೆಂದು ಊಟವಾದ ಮೇಲೆ ತಿಳಿಯಿತು. ಆನೆಗೊಂದಿ, ಸಣಾಪುರದ ಕಡೆ ಈಗ ಹೋಂಸ್ಟೇಗಳಿವೆ. ಗಡ್ಡೆಯ ವ್ಯಾಪಾರ ಬಹುಪಾಲು ಆ ಕಡೆಗೆ ಸರಿದಿದೆ. ಒಂದು ಕಡೆ ಅಡಿಗೆಗೆ ಕರೆದಿದ್ದಾರಂತೆ. 2025ರ ಮಾರ್ಚಿನಲ್ಲಿ ಸಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ಆ ಘೋರ ಕೃತ್ಯ, ಒಬ್ಬ ಯುವಕನ ಸಾವು ನೀವೂ ಓದಿರುತ್ತೀರಿ. ಆ ಸುದ್ದಿ ಟಿವಿಯಲ್ಲಿ ನೋಡಿದಾಗಿನಿಂದ ಅಕ್ಕ ಆ ಕಡೆಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು. ಅವನೂ ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಅಂದು ರಾತ್ರಿ ಅಂಗಳದಲ್ಲಿ ಹೇಳಿದ. ಅವಳು ಎದ್ದು ಹೋಗಲಿಲ್ಲ. ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಮಲಗುವುದು ಎಲ್ಲಿ, ವಾರಕ್ಕೊಮ್ಮೆ ಬರಲು ಬಸ್ಸಿದೆಯೇ ಎಂದು ಕೇಳಿದಳು. ಹೂಂ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ನಾನೂ ಅಳಿಯನೂ ಒಂದೇ ಬಸ್ಸಿಗೆ ಹೊರಟೆವು. ಜಾಗ ನೋಡಿಕೊಂಡು ಬರುತ್ತೇನೆ ಎಂದಷ್ಟೇ ಅವನು ಹೇಳಿದ್ದ. ಬಸ್ಸು ಬರುವ ಹೊತ್ತಿಗೆ ಅಕ್ಕ ಅವನ ಕೈಚೀಲದೊಳಗೆ ಬಟ್ಟೆ ಸುತ್ತಿದ ಚಾಕುವಿನ ಪಕ್ಕ ತಗಡಿನ ಡಬ್ಬಿಯನ್ನು ತುರುಕುತ್ತಿದ್ದಳು.

“ಇಷ್ಟೇ ಉಳದೈತಿ. ಪಾಯಸಾ ಮಾಡಿ ತೀರಿಸಬ್ಯಾಡ ಮತ್ತ,” ಎಂದಳು. “ಹಣಿಗಿ ಒಂದು ಹೊಸಾದು ತಗೊಂಡು ಬಾ, ಬ್ಯಾಸಗಿಗೆ ಬೇಕಾಗತೈತಿ.”